ಐದನೇ ರೀಲು

ಕರಪತ್ರದ ಅಚ್ಚು ಜೋಡಿಸಿದವನು ನಾನೇ.
ಬಂದರಿನ ಓಣಿಯ ಪ್ರೆಸ್ಸಿನಲ್ಲಿ, ಗುಲಾಬಿ ಕಾಗದಕ್ಕೆ:
‘ಉಪ್ಪಿನ ಗ್ರಹ. ಇಂಗ್ಲಿಷ್ ವೈಜ್ಞಾನಿಕ ಚಿತ್ರ. ಮೂರೇ ದಿನ.’
‘ಜ್ಞಾ’ದ ಮೊಳೆ ಸವೆದಿತ್ತು.
ಹಂಪನಕಟ್ಟೆಯಿಡೀ ‘ವೈಜಾನಿಕ’ ಎಂದೇ ಓದಿತು,
ಯಾರೂ ದೂರಲಿಲ್ಲ.

ಚಿತ್ರ ಬಂದದ್ದು ಒಂದು ರೀಲು ಕಡಿಮೆಯಾಗಿ.
ಐದನೆಯದು ಕಣ್ಣೂರಿನಲ್ಲೇ ಉಳಿಯಿತೆಂದರು,
ಪಾರ್ಸೆಲ್ ವ್ಯಾಗನ್ನಿನಲ್ಲಿ ಬಂಗುಡೆ ಬುಟ್ಟಿಯಡಿ ಸಿಕ್ಕಿ
ನೀರು ಕುಡಿಯಿತೆಂದರು.
ನಿಜ ಗೊತ್ತಿದ್ದ ಆಪರೇಟರ್ ಲಸ್ರಾದೊ
ನಾಲ್ಕಕ್ಕೆ ಆರನ್ನು ಅಂಟಿಸಿ ಬೀಡಿ ಹಚ್ಚಿದ.

ಹೀಗಾಗಿ ಬೆಂಚಿನ ನಮಗೆ ಕಂಡದ್ದಿಷ್ಟು:
ಕಡಲು ಬತ್ತಿದ ಆ ಲೋಕದಲ್ಲಿ
ದೀಪಸ್ತಂಭ ಕಾಯುವ ಹೆಂಗಸೊಬ್ಬಳು
ನೂರು ವರ್ಷ ಹಿಂದೆ ಮುಳುಗಿದ ಹಡಗಿನ ಕೂಗು ಕೇಳಿ
ಮೆಟ್ಟಿಲಿಳಿಯುತ್ತಾಳೆ. ಒಂದು, ಎರಡು, ಆರು.
ಮರುಕ್ಷಣ ತಲೆ ಬೋಳಾಗಿ
ಮರಳಲ್ಲಿ ಕೂತಿದ್ದಾಳೆ.

ನಡುವೆ ಏನಾಯಿತು?

ಇದ್ದಿನಬ್ಬನಿಗೆ ಗೊತ್ತಿತ್ತು. ಧಕ್ಕೆಯ ಐಸ್ ಪ್ಲಾಂಟಿನವನು,
ಇಂಗ್ಲಿಷಿನ ಎ ಕಂಡರೆ ಏಣಿ ಎನ್ನುವವನು,
ಮೀನು ವಾಸನೆ ಹೊತ್ತು ನಡುಬೆಂಚಲ್ಲಿ ಕೂತು
ಇಡೀ ಸಿನಿಮಾವನ್ನು ತುಳುವಿಗೆ ಇಳಿಸುತ್ತಿದ್ದ.
“ಕೂದಲು ಕೊಯ್ದು ಹಗ್ಗ ಹೊಸೆದಳು ಮಾರಾಯ.
ಲಂಗರಿಗೆ ಹಗ್ಗ ಬೇಡವಾ?
ನೀರಿಲ್ಲದಿದ್ದರೂ ಹಡಗು ಹಡಗೇ,
ಕಟ್ಟದಿದ್ದರೆ ಹೋಗಿಬಿಡುತ್ತದೆ.”
ಅವನು ಉಸಿರೆಳೆದರೆ ಸಾಕು, ಹಿಂದಿನ ಸಾಲಿನಿಂದ
“ಬೊಕ್ಕ?”
ಮೂರು ದಿನದ ಚಿತ್ರ
ಹದಿನಾಲ್ಕು ಭಾನುವಾರದ ಬೆಳಗಿನಾಟಕ್ಕೆ ಮರಳಿತು,
ಪ್ರತಿ ಸಲವೂ ಹಗ್ಗ ಒಂದು ಮಾರು ಉದ್ದ.

ಮೂವತ್ತೇಳು ವರ್ಷದ ಮೇಲೆ ಎರಡನೇ ಭಾಗ.
ಟಾಕೀಸಿನ ಜಾಗದಲ್ಲಿ ಈಗ ಟೈಲ್ಸ್ ಮಾರುತ್ತಾರೆ,
ನಮ್ಮ ಹಂಚಲ್ಲ, ಗುಜರಾತಿನದು.
ಲಸ್ರಾದೊ ಇಲ್ಲ. ಹಿಂದಿನ ಸಾಲಿನ ಬೊಕ್ಕಗಳೂ
ಒಬ್ಬೊಬ್ಬರಾಗಿ ಮಸ್ಕತ್ತಿಗೆ, ಮಣ್ಣಿಗೆ.
ಮಾಲಿನ ಎಸ್ಕಲೇಟರನ್ನು ಇದ್ದಿನಬ್ಬ
ದೋಣಿ ಹತ್ತುವಂತೆ ಹತ್ತಿದ:
ಬಲಗಾಲು ಮೊದಲು, ತುಟಿಯಲ್ಲೇ ಬಿಸ್ಮಿಲ್ಲಾ.
ಗಂಟಲಿನ ಆಪರೇಶನ್ ಆಗಿ ಎರಡು ವರ್ಷ.
ಕೊರಳಿನ ತೂತಿಗೆ ಮೈಮೂನಾ ಹೊಲಿದ ಬಿಳಿ ಬಟ್ಟೆ,
ಮಾತಿಗೆ ನೋಟುಬುಕ್ಕು, ಗಿಡ್ಡ ಪೆನ್ಸಿಲು.
ಕೊಟ್ಟ ಕಪ್ಪು ಕನ್ನಡಕವನ್ನು ಜೇಬಿಗೆ ಹಾಕಿ
‘ಕಣ್ಣು ಸಾಕು’ ಎಂದು ಬರೆದು ತೋರಿಸಿದ.

ತೆರೆಯಲ್ಲಿ ಅವಳೇ. ಮುದುಕಿ.
ನಮ್ಮ ಹಾಗೆ ಮಂಡಿ ಹಿಡಿದು ಮೆಟ್ಟಿಲಿಳಿಯುತ್ತಾಳೆ.
ಅಡಿಯಲ್ಲಿ ಇಂಗ್ಲಿಷ್ ಅಕ್ಷರ. ನಾನು ಓದಬಲ್ಲೆ,
ಅರ್ಥವಾಗದೆ ಜೋಡಿಸಿ ಜೋಡಿಸಿ
ಯಾವಾಗಲೋ ಅರ್ಥವಾಗಿಬಿಟ್ಟ ಭಾಷೆ.
ಪೆನ್ಸಿಲು ಮೊಣಕೈಗೆ ಚುಚ್ಚಿತು: ಏನಂತೆ?

ಅವಳು ಹೇಳುತ್ತಿದ್ದಳು,
ಕೂದಲು ಬೋಳಿಸಿದ್ದು ಇಲಾಖೆ.
ಅನುಮತಿಯಿಲ್ಲದೆ ಠಾಣೆ ಬಿಟ್ಟದ್ದಕ್ಕೆ, ನಿಯಮ ಹನ್ನೊಂದು.
ಹಡಗು? ಹಡಗಿರಲಿಲ್ಲ. ರೇಡಿಯೋ ಕೆಟ್ಟಿತ್ತು.

ಇಷ್ಟೇ ಇತ್ತಾ ಐದನೇ ರೀಲಿನಲ್ಲಿ?
ಆ ಬಂಗುಡೆ ಬುಟ್ಟಿಗೆ ಪುಣ್ಯ ಬರಲಿ.

ಕಿವಿಗೆ ಬಗ್ಗಿ ಹೇಳಿದೆ, “ಹಗ್ಗ ಇನ್ನೂ ಇದೆಯಂತೆ.
ನರೆತಿದೆಯಂತೆ. ತುಂಡಾಗಿಲ್ಲವಂತೆ.”
ಮುಂದಿನ ಸೀಟಿನ ಹುಡುಗ ತಿರುಗಿ ಶ್ ಎಂದ.
ಹೇಳುತ್ತಲೇ ಹೋದೆ. ಸುಳ್ಳು ಜೋಡಿಸಿ ಅಭ್ಯಾಸವಿಲ್ಲ,
ಮೊಳೆಗಳು ತಲೆಕೆಳಗು ಬೀಳುತ್ತಿದ್ದವು,
ಒಮ್ಮೆಯಂತೂ ಹಡಗನ್ನು
ಉಳ್ಳಾಲದ ಕಡೆಗೇ ತಿರುಗಿಸಿಬಿಟ್ಟೆ.

ಕೊರಳ ಬಟ್ಟೆ ಎರಡು ಸಲ ಉಬ್ಬಿತು.
ಈಗ ಅವನು ನಗುವುದು ಹಾಗೆ.
ಕತ್ತಲಲ್ಲೇ ಏನೋ ಗೀಚಿ ತೊಡೆಯ ಮೇಲಿಟ್ಟ.
ಬಾಗಿಲ ಮೇಲಿನ ಹಸಿರು ದೀಪಕ್ಕೆ ಹಿಡಿದು ಓದಿದೆ,
ಅಕ್ಷರ ಒಂದರ ಮೇಲೊಂದು ಹತ್ತಿ ಕೂತಿದ್ದವು:
‘ನೀರಿಲ್ಲದೆ ತಿರುಗುವುದು ಹೇಗೆ? ಸರಿಯಾಗಿ ಹೇಳು.’
ಕೆಳಗೆ, ಅಡಿಗೆರೆ ಎಳೆದು,
‘ಬೊಕ್ಕ?’